ಏಪ್ರನ್ ಕಟ್ಟಿದ ಅರಸರು

ಏಪ್ರನ್ ಕಟ್ಟಿಕೊಂಡ ರಾಜರನ್ನು ನಾನು ಮೊದಲು ನೋಡಿದ್ದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ, ಒಂದು ಮನೆಯ ಬಚ್ಚಲಿಗೆ ಹೋಗುವ ಕಾರಿಡಾರಿನಲ್ಲಿ. ಎರಡು ಸಾವಿರದ ದಶಕದ ಶುರುವಿನ ಮಾತು. ಓದಲೆಂದು ಗದಗಿನಿಂದ ಬಂದು ಮೂರು ದಿನವಾಗಿತ್ತು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಬ್ರಷ್ಷು. ಗೋಡೆಯ ಮೇಲೆ ಬಾಗಿಲಗಲದ ಒಂದು ಫ್ರೇಮು, ಅದರೊಳಗೆ ಬೇರೆ ಬೇರೆ ಫೋಟೋಗಳಲ್ಲಿ ಹನ್ನೊಂದು ಜನ ಅರಸರು. ಗಡ್ಡದವರು, ಮೀಸೆಯವರು, ಎದೆತುಂಬ ಪದಕ ಹೊತ್ತವರು, ಪೇಟ ಸುತ್ತಿದ ಒಬ್ಬ ಹಿಂದೂಸ್ತಾನಿ ಮಹಾರಾಜ. ಎಲ್ಲರ ಸೊಂಟದಲ್ಲೂ ಚೌಕಾಕಾರದ ಏಪ್ರನ್ನು. ನಮ್ಮೂರ ಖಾನಾವಳಿಯ ಮಾಲೀಕ ಕೂಡ ಗಿರಾಕಿಗಳ ಎದುರು ಬರುವಾಗ ಅದನ್ನು ಬಿಚ್ಚಿಟ್ಟು ಬರುತ್ತಿದ್ದ. ಇವರು ನೋಡಿದರೆ ಅದನ್ನು ಕಟ್ಟಿಕೊಂಡೇ ಫೋಟೋಕ್ಕೆ ನಿಂತಿದ್ದರು.

ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನನಗೆ ಚಿಕ್ಕಂದಿನಿಂದ ಇದೇ ರೋಗ. ಯಾವುದಾದರೂ ಒಂದು ಸಂಗತಿ ಸರಿಹೊಂದದೆ ಕಂಡರೆ ಅದರ ಬುಡ ಕಾಣುವ ತನಕ ಊಟ ರುಚಿಸುವುದಿಲ್ಲ.

ಆ ಮನೆಯ ಯಜಮಾನ ಎಪ್ಪತ್ತು ದಾಟಿದ ಅಜ್ಜ. ಮೆಲ್ಬರ್ನಿನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು. ಗಂಡ ಹೆಂಡತಿ ಇಬ್ಬರೇ ಇದ್ದುದರಿಂದ ಹಿಂದಿನ ಕೋಣೆಯನ್ನು ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲಿ ನಾನು ಮತ್ತು ಮಂಗಳೂರಿನ ಒಬ್ಬಳು ಕ್ಯಾಥೊಲಿಕ್ ಹುಡುಗಿ. ಅಜ್ಜ ತಿಂಗಳಿಗೊಂದು ಸಂಜೆ ಕಪ್ಪು ಸೂಟು ಹಾಕಿಕೊಂಡು, ಕೈಯಲ್ಲಿ ಚಪ್ಪಟೆ ಪೆಟ್ಟಿಗೆ ಹಿಡಿದು 'ಲಾಡ್ಜ್'ಗೆ ಹೋಗುತ್ತಿದ್ದ. ಫ್ರೀಮೇಸನ್ನರು ಎನ್ನುವ ಗುಟ್ಟಿನ ಸಂಘದ ಶಾಖೆಗೆ ಆ ಹೆಸರು. ನಾವಿಬ್ಬರೂ ಆತನಿಗೆ ಲಾಡ್ಜಜ್ಜ ಎಂದು ಹೆಸರಿಟ್ಟೆವು. ಎದುರಿಗೇ ಹಾಗೆ ಕರೆದರೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಎದುರಿಗೇ ಕರೆಯುತ್ತಿದ್ದೆವು.

ಇನ್ನು ನನ್ನ ಸುಳ್ಳಿನ ವಿಷಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದಕ್ಕೆ ಅರ್ಥವಿಲ್ಲ.

ಫ್ರೇಮು ಕಂಡ ದಿನವೇ ಸಂಜೆ ಅಜ್ಜ ಚಹಾ ಕೊಟ್ಟು ಕೂರಿಸಿಕೊಂಡು, ನಿಮ್ಮ ತಂದೆಯವರು ಏನು ಮಾಡುತ್ತಾರೆ ಎಂದು ಕೇಳಿದ. ಮಂಗಳೂರಿನವಳು ಸಲೀಸಾಗಿ "ಡಾಕ್ಟರ್" ಅಂದಳು. ಅಜ್ಜ ನನ್ನ ಕಡೆ ತಿರುಗಿದ. ನನ್ನ ಅಪ್ಪ ಗೌಂಡಿ. ಕಲ್ಲು ಇಟ್ಟಂಗಿಯ ಗೋಡೆ ಕಟ್ಟುವವನು. ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದು, ಅದರಿಂದಲೇ ವಿಮಾನ ಹತ್ತಿದವಳು ನಾನು. ಆದರೆ ಡಾಕ್ಟರನ ಬೆನ್ನಿಗೆ ಗೌಂಡಿ ಬರಲು ಒಪ್ಪಲಿಲ್ಲ. "ಇಂಜಿನಿಯರ್," ಅಂದುಬಿಟ್ಟೆ. ನಾಲಿಗೆ ಜಾರಿತು ಎಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಜಾರಲಿಲ್ಲ, ನಾನೇ ತಳ್ಳಿದ್ದೆ.

ಅಜ್ಜನ ಮುಖ ಅರಳಿತು. "ಹಾಗಾದರೆ ನಿನಗೆ ಇದೆಲ್ಲ ಅರ್ಥವಾಗುತ್ತದೆ," ಎಂದು ನನ್ನನ್ನು ಎಬ್ಬಿಸಿಕೊಂಡು ಹೋಗಿ ಆ ಫ್ರೇಮಿನ ಮುಂದೆ ನಿಲ್ಲಿಸಿದ. ಅವರ ಸಂಘದ ಗುರುತುಗಳೆಲ್ಲ ಗೌಂಡಿಯ ಚೀಲದವು. ಮೂಲೆ ಸರಿಯಿದೆಯೇ ನೋಡುವ ಮೂಲೆಮಟ್ಟ, ಗೋಡೆ ನೆಟ್ಟಗಿದೆಯೇ ನೋಡುವ ತೂಕದ ಗುಂಡು, ಗಾರೆ ಮೆತ್ತುವ ಕರಣಿ. ಒಂದೊಂದನ್ನೂ ತೋರಿಸಿ ಇದೇನು ಗೊತ್ತೇ ಎಂದು ಕೇಳಿದ. ನಾನು ಪಟಪಟನೆ ಹೇಳಿದೆ. ಅಪ್ಪನಿಗೆ ಬುತ್ತಿ ಒಯ್ದು ಒಯ್ದು ಅವುಗಳ ನಡುವೆ ಕೂತು ಉಂಡವಳು ನಾನು. ಇಂಜಿನಿಯರನ ಮಗಳೆಂದರೆ ಹೀಗಿರಬೇಕು ಎಂದು ಅಜ್ಜ ಹೆಂಡತಿಯನ್ನು ಕೂಗಿ ಹೇಳಿದ. ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆಯೆಲ್ಲ ಗೌಂಡಿಯ ಮಗಳಾಗಿದ್ದಕ್ಕೆ, ಇಂಜಿನಿಯರನ ಹೆಸರಿನಲ್ಲಿ.

ಅಲ್ಲಿಂದ ಅಜ್ಜನಿಗೆ ನಾನು, ನನಗೆ ಆ ರಾಜರು ಗಂಟುಬಿದ್ದೆವು.

ಅಜ್ಜ ಹೇಳಿದ ಪ್ರಕಾರ ಬಹಳ ಹಿಂದೆ ಯುರೋಪಿನಲ್ಲಿ ದೊಡ್ಡ ದೊಡ್ಡ ಚರ್ಚು ಕಟ್ಟುವ ಕಲ್ಲುಕೆಲಸದವರ ಸಂಘಗಳಿದ್ದವಂತೆ. ಬರಬರುತ್ತ ಅದರೊಳಗೆ ಕಲ್ಲು ಮುಟ್ಟದವರೂ ಸೇರಿದರು. ಮೊದಲು ಓದಿದವರು, ಆಮೇಲೆ ಜಮೀನ್ದಾರರು, ಕೊನೆಗೆ ರಾಜರು. ಇಂಗ್ಲೆಂಡಿನ ದೊರೆಗಳು, ಪ್ರಷ್ಯದವರು, ಸ್ವೀಡನ್ನಿನಲ್ಲಂತೂ ಅಪ್ಪನ ನಂತರ ಮಗ. ಶಾಂತಸಾಗರದ ನಡುವಿನ ಒಂದು ದ್ವೀಪದ ರಾಜ ಕೂಡ ಸೇರಿಕೊಂಡಿದ್ದನಂತೆ. ಇಷ್ಟೆಲ್ಲ ದೊಡ್ಡವರು ಬಂದ ಮೇಲೆ ನಿಜವಾದ ಕಲ್ಲುಕೆಲಸದವರು ಏನಾದರು ಎಂದು ಕೇಳಿದೆ. ಅಜ್ಜ ಸ್ವಲ್ಪ ಯೋಚಿಸಿ, ನಿಜ ಹೇಳಬೇಕೆಂದರೆ ಅದು ನನಗೂ ಗೊತ್ತಿಲ್ಲ ಅಂದ.

"ಅರಮನೆ ಬಿಟ್ಟು ಅಲ್ಲಿಗೆ ಯಾಕೆ ಹೋಗುತ್ತಿದ್ದರು?" ಇದು ನನ್ನ ದಿನನಿತ್ಯದ ಪ್ರಶ್ನೆಯಾಯಿತು.

ಅದಕ್ಕೆ ಅಜ್ಜನ ಬಳಿ ಒಂದು ಕಥೆಯಿತ್ತು. ಯಾವುದೋ ಊರಿನ ಲಾಡ್ಜಿನಲ್ಲಿ ಒಬ್ಬ ತೋಟದ ಮಾಲಿ ಆ ವರ್ಷದ ಅಧ್ಯಕ್ಷನಾಗಿದ್ದ. ಸಭೆಗೆ ಬಂದ ರಾಜ ಕೆಳಗಿನ ಸಾಲಿನಲ್ಲಿ ಕುಳಿತು, ಮಾಲಿ ಮರದ ಸುತ್ತಿಗೆ ಕುಟ್ಟಿದಾಗ ಎಲ್ಲರ ಜೊತೆ ಎದ್ದು ನಿಂತ. ಆ ಮಾಲಿ ಅದೇ ರಾಜನ ತೋಟದವನು. "ಒಳಗೆ ಬರುವ ಮೊದಲ ದಿನ ಯಾರಾದರೂ ಸರಿ, ಕಣ್ಣಿಗೆ ಬಟ್ಟೆ ಕಟ್ಟುತ್ತೇವೆ. ಇನ್ನೊಬ್ಬ ಕೈಹಿಡಿದು ನಡೆಸಬೇಕು," ಅಂದ.

"ರಾಜನಿಗೂ ಕಟ್ಟುತ್ತಾರಾ?"

"ರಾಜನಿಗೆ ಮೊದಲು ಕಟ್ಟಬೇಕು."

"ಸಭೆ ಮುಗಿದ ಮೇಲೆ ಮಾಲಿ ಮತ್ತೆ ಮಾಲಿಯೇ ಅಲ್ಲವಾ?"

"ಹೌದು," ಅಂದ ಅಜ್ಜ. "ಆದರೆ ಆ ಎರಡು ಗಂಟೆ ಮಾತ್ರ ಅಲ್ಲ."

ಎರಡು ಗಂಟೆಯ ಸಮಾನತೆ ಯಾವ ಸೀಮೆಯದು ಎಂದು ಕೋಣೆಗೆ ಬಂದು ರೇಗಾಡಿದೆ. ಮಂಗಳೂರಿನವಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತ ಕೂತಿದ್ದಳು. ಅವಳಿಗೆ ಈ ಮನೆಯ ಬಗ್ಗೆ ಮೊದಲಿನಿಂದಲೂ ಅಳುಕು. ಅವರ ಚರ್ಚು ಈ ಸಂಘವನ್ನು ಒಪ್ಪುವುದಿಲ್ಲ. ಫೋನಿನಲ್ಲಿ ವಿಷಯ ಕೇಳಿದ ಅವಳ ತಾಯಿ, ಬೇರೆ ರೂಮು ಸಿಗುವವರೆಗೆ ಆ ಫೋಟೋದ ಮುಂದೆ ಹೋಗುವಾಗೆಲ್ಲ ಶಿಲುಬೆ ಗುರುತು ಹಾಕಿಕೋ ಎಂದು ಅಪ್ಪಣೆ ಮಾಡಿದ್ದರು. ಬಚ್ಚಲು ಅದೇ ದಾರಿಯಲ್ಲಿದ್ದುದರಿಂದ ಅವಳ ಭಕ್ತಿ ದಿನಕ್ಕೆ ಏಳೆಂಟು ಸಲ ನಡೆಯುತ್ತಿತ್ತು.

"ನೀನೆಂತ ಮಾರಾಯ್ತಿ, ಇಷ್ಟು ಸಿಂಪಲ್ ಅರ್ಥ ಆಗುದಿಲ್ವಾ?" ಅಂದಳು. "ಬಾಗಿಲು ಹಾಕ್ಕೊಂಡು ಹತ್ತು ಜನ ಗುಸುಗುಸು ಮಾತಾಡ್ತಾರೆ ಅಂದ್ರೆ ರಾಜನಿಗೆ ಟೆನ್ಷನ್. ಹೊರಗೆ ನಿಂತು ಕಿವಿ ಕೊಡುದಕ್ಕಿಂತ ಒಳಗೇ ಹೋಗಿ ಮೆಂಬರ್ ಆಗುದು ಸೇಫ್."

ಆ ಫ್ರೇಮಿನ ಬಗ್ಗೆ ನಾನು ಕೇಳಿದ ವಿವರಣೆಗಳಲ್ಲೆಲ್ಲ ಇದೇ ಹೆಚ್ಚು ಬುದ್ಧಿವಂತಿಕೆಯದು ಎಂದು ಈಗಲೂ ಅನ್ನಿಸುತ್ತದೆ. ಅಜ್ಜನಿಗೆ ಹೇಳಿದಾಗ ಆತ ನಕ್ಕ, ಅಲ್ಲ ಎನ್ನಲಿಲ್ಲ.

ಲಾಡ್ಜಿನಲ್ಲಿ ಹೇಳಬೇಕಾದ ಮಾತನ್ನೆಲ್ಲ ಬಾಯಿಪಾಠ ಮಾಡಬೇಕಿತ್ತಂತೆ. ಪುಸ್ತಕ ನೋಡುವಂತಿಲ್ಲ. ಅಜ್ಜ ಬೆಳಿಗ್ಗೆ ಗುಲಾಬಿ ಗಿಡಗಳಿಗೆ ನೀರು ಹಾಕುತ್ತ ಒಪ್ಪಿಸಿಕೊಳ್ಳುತ್ತಿದ್ದ. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹೋದರೆ ಬಾಯಿಗೆ ಬೀಗ. ಹೆಂಗಸರು ಕೇಳಬಾರದು. ಒಂದೇ ಲಂಗವನ್ನು ನಾಲ್ಕು ಸಲ ಝಾಡಿಸಿ ಒಣಹಾಕಿದರೂ ಒಂದಕ್ಷರ ಕಿವಿಗೆ ಬೀಳಲಿಲ್ಲ. ಕೊನೆಗೆ ಸಿಟ್ಟು ಬಂದು ಲೈಬ್ರರಿಗೆ ಹೋದೆ. ಅಲ್ಲಿ ಕಪಾಟಿನ ತುಂಬ ಅವರ ಗುಟ್ಟು. ಹಸ್ತಲಾಘವದ ಚಿತ್ರ, ಸಂಕೇತದ ಮಾತು, ಎಲ್ಲ ಅಚ್ಚಾಗಿ ಕೂತಿದ್ದವು. ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಅಜ್ಜನಿಗೆ ಹೇಳಿದೆ.

"ಓದು, ಬೇಡ ಎಂದವರು ಯಾರು?" ಅಂದ. "ಗುಟ್ಟು ದೊಡ್ಡದಲ್ಲ. ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೇನಲ್ಲ, ಅದು ದೊಡ್ಡದು."

ಅವರ ಗುಟ್ಟು ಲೈಬ್ರರಿಯಲ್ಲಿತ್ತು. ನನ್ನದು ಯಾವ ಲೈಬ್ರರಿಯಲ್ಲೂ ಇರಲಿಲ್ಲ. ಆ ಮನೆಯಲ್ಲಿದ್ದ ಎರಡು ವರ್ಷದಲ್ಲಿ ಅಜ್ಜ ಎಷ್ಟೋ ಸಲ ನನ್ನ ಅಪ್ಪ ಕಟ್ಟಿಸಿದ ಸೇತುವೆ, ಕಟ್ಟಡಗಳ ಬಗ್ಗೆ ಕೇಳಿದ. ಅಪ್ಪ ಕೆಲಸ ಮಾಡಿದ ಶಾಲೆ, ನೀರಿನ ಟಾಕಿ, ಬ್ಯಾಂಕಿನ ಕಟ್ಟಡಗಳನ್ನೇ ಹೇಳುತ್ತ ಹೋದೆ. ಕಟ್ಟಡಗಳೆಲ್ಲ ನಿಜ. ಅಪ್ಪ ಮಾತ್ರ ಸುಳ್ಳು.

ಓದು ಮುಗಿದು ಸಿಡ್ನಿಗೆ ಹೋದೆ. ಚಾಟ್ಸ್‌ವುಡ್‌ನ ಒಂದು ಆಫೀಸಿನಲ್ಲಿ ಕೆಲಸ, ಅಲ್ಲೇ ಹತ್ತಿರ ಒಂದು ಯೂನಿಟ್, ನಮ್ಮ ಫ್ಲಾಟಿನಂಥದ್ದು, ರೆಂಟಿಗೆ. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಬಂತು. ಅಜ್ಜನ ಹೆಂಡತಿ ತೀರಿಕೊಂಡಾಗ ಹೋಗಿ ಬಂದೆ. ಆಮೇಲೆ ಪ್ರತಿ ಭಾನುವಾರ ಆತ ಫೋನ್ ಮಾಡುವುದು ರೂಢಿಯಾಯಿತು. ಫೋನಿಡುವ ಮೊದಲು ತಪ್ಪದೆ ಕೇಳುತ್ತಿದ್ದ: ನಿನ್ನ ಇಂಜಿನಿಯರ್ ಹೇಗಿದ್ದಾರೆ?

ದಶಕದ ಕೊನೆಯ ಹೊತ್ತಿಗೆ ಆ ಇಂಜಿನಿಯರ್ ಮೂರು ತಿಂಗಳ ವೀಸಾದ ಮೇಲೆ ಸಿಡ್ನಿಗೆ ಬಂದಿಳಿದ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬನೇ ಮನೆಯಲ್ಲಿ ಏನು ಮಾಡುತ್ತೀ ಎಂದು ಹಟ ಹಿಡಿದು ಕರೆಸಿದ್ದೆ. ಅಪ್ಪ ಅಂಗಿ ಧೋತರಗಳ ನಡುವೆ ತನ್ನ ಹಿತ್ತಾಳೆಯ ತೂಕದ ಗುಂಡನ್ನೂ ಇಟ್ಟುಕೊಂಡು ಬಂದಿದ್ದ. ಅದನ್ನು ಏರ್‌ಪೋರ್ಟಿನವರು ಹಿಡಿದರು. ಅಪ್ಪನಿಗೆ ಇಂಗ್ಲಿಷ್ ಬಾರದು ಎಂದು ನನಗೆ ಫೋನ್ ಮಾಡಿ ಇದೇನು ಎಂದು ಕೇಳಿದರು. ಪೂಜೆಯ ಸಾಮಾನು ಅಂದೆ. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚುವುದರಿಂದ ಅರ್ಧ ನಿಜವೇ. ಆದರೂ ಅದು ಗೌಂಡಿಯ ಸಾಧನ ಎನ್ನಲು ಆಗಲೂ ನನಗೆ ಬಾಯಿ ಬರಲಿಲ್ಲ ಎನ್ನುವುದನ್ನು ಗಮನಿಸಬೇಕು.

"ಮಗಳ ಮನಿಗೆ ಗುಂಡು ಯಾಕ ತಂದೀ ಅಪ್ಪಾ?" ಎಂದು ಕೇಳಿದರೆ, "ಅದೊಂದ ಮನ್ಯಾಗ ಏನ್ ಮಾಡ್ತದವಾ?" ಅಂದ.

ಸಿಡ್ನಿಯಲ್ಲಿ ಅಪ್ಪ ಬೀಚು ನೋಡಲಿಲ್ಲ, ಗೋಡೆ ನೋಡಿದ. ಹಳೆಯ ಮರಳುಗಲ್ಲಿನ ಕಟ್ಟಡ ಕಂಡರೆ ಅಂಗೈ ಇಟ್ಟು ನಿಲ್ಲುತ್ತಿದ್ದ. ಹೊಸ ಮನೆಗಳು ಅವನಿಗೆ ತಮಾಷೆ. ಒಳಗೆ ಮರದ ಚೌಕಟ್ಟು, ಹೊರಗೆ ತೋರಿಕೆಗೆ ಒಂದು ಸಾಲು ಇಟ್ಟಂಗಿ ಎಂದು ತಿಳಿದಾಗ, "ಇವ್ರು ಮನಿಗೆ ಇಟ್ಟಂಗಿ ಅಂಗಿ ಹಾಕ್ಯಾರಲ್ಲವಾ," ಎಂದು ಬಿದ್ದು ಬಿದ್ದು ನಕ್ಕ.

ಹದಿನೈದು ದಿನ ಕಳೆಯುವುದರಲ್ಲಿ ಅಪ್ಪನದು ಒಂದೇ ವರಾತ. ನನ್ನನ್ನು ಎರಡು ವರ್ಷ ಮನೆಯಲ್ಲಿಟ್ಟುಕೊಂಡ ಹಿರಿಯರನ್ನು ನೋಡದೆ ಹೋದರೆ ಹೇಗೆ? ಅತ್ತ ಅಜ್ಜನದೂ ಅದೇ ವರಾತ. ನಾನು ರಜೆ ಇಲ್ಲ ಅಂದೆ, ಕಾರು ಸರ್ವಿಸ್ ಆಗಬೇಕು ಅಂದೆ. ಇಬ್ಬರು ಮುದುಕರು ಸೇರಿ ನನ್ನನ್ನು ಸೋಲಿಸಿದರು. ಅವರು ಎದುರುಬದುರು ಕೂತರೆ ಏನಾಗುತ್ತದೆ? ಅಜ್ಜನ ಕಣ್ಣಲ್ಲಿ ನಾನು ಸುಳ್ಳಿಯಾಗುತ್ತೇನೆ, ಅದು ಹಾಗಿರಲಿ. ಮಗಳು ತನ್ನ ಬಗ್ಗೆ ನಾಚಿಕೊಂಡಳು ಎನ್ನುವುದು ಅಪ್ಪನಿಗೆ ಗೊತ್ತಾದರೆ? ಒಂದೇ ಧೈರ್ಯವೆಂದರೆ ಅಪ್ಪನಿಗೆ ಇಂಗ್ಲಿಷ್ ಬಾರದು, ಅಜ್ಜನಿಗೆ ಕನ್ನಡ ಬಾರದು. ಇಬ್ಬರ ಮಾತೂ ನನ್ನ ಬಾಯಿಂದಲೇ ದಾಟಬೇಕು.

ಕಾರಿನಲ್ಲಿ ಬೆಳಗಿನಿಂದ ಸಂಜೆವರೆಗೆ ಹೋಗಿ, ದಾರಿಯ ಮೋಟೆಲಿನಲ್ಲಿ ಉಳಿದು, ಮರುದಿನ ಹನ್ನೊಂದರ ಸುಮಾರಿಗೆ ಕ್ರಾನ್‌ಬರ್ನ್ ಮುಟ್ಟಿದೆವು. ಅಜ್ಜ ಕೋಲೂರಿಕೊಂಡು ಗೇಟಿನ ತನಕ ಬಂದಿದ್ದ. ಅಪ್ಪ ಎರಡೂ ಕೈ ಜೋಡಿಸಿದ. ಅಜ್ಜ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾನೂ ಜೋಡಿಸಿದ.

ಕೈಕಾಲು ತೊಳೆಯಲು ಹೋದ ಅಪ್ಪ ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಫ್ರೇಮಿನ ಮುಂದೆ ನಿಂತಿದ್ದ. ಅಜ್ಜನೂ ಹಿಂದೆಯೇ ಬಂದ.

"ಯಾರವಾ ಇವ್ರು?"

"ಅರಸರು ಅಪ್ಪಾ."

"ಅರಸರು ಯಾಕ ಮುಂದ ಅರಿವಿ ಕಟಗೊಂಡಾರ?"

"ಇವ್ರೆಲ್ಲಾ ಗೌಂಡಿಗೋಳ ಸಂಘದಾಗ ಇದ್ರಂತ."

ಅಪ್ಪ ನನ್ನನ್ನು ಕೆಕ್ಕರಿಸಿ ನೋಡಿದ. "ಚ್ಯಾಷ್ಟಿ ಮಾಡಬ್ಯಾಡ. ಎಷ್ಟ ಗ್ವಾಡಿ ಕಟ್ಯಾರಂತ ಕೇಳು."

ಕೇಳಿದೆ. ಒಂದೂ ಇಲ್ಲ, ಅಂದ ಅಜ್ಜ ಪ್ರಾಮಾಣಿಕವಾಗಿ.

"ಮತ್ತ ಸಂಘದಾಗ ಹೆಂಗ ತಗೊಂಡ್ರು?"

ಇದನ್ನು ದಾಟಿಸಿದಾಗ ಅಜ್ಜ ಎಷ್ಟು ನಕ್ಕನೆಂದರೆ ಗೋಡೆಗೆ ಕೈಕೊಟ್ಟು ನಿಲ್ಲಬೇಕಾಯಿತು. ಫ್ರೇಮಿನ ನಡುವೆ ಉಳಿದವಕ್ಕಿಂತ ದೊಡ್ಡದಾದ ಒಂದು ಫೋಟೋ ಇತ್ತು. ಯಾವುದೋ ಕಟ್ಟಡದ ಅಡಿಗಲ್ಲು ಇಡುವ ಸಮಾರಂಭ. ಸರಪಳಿಗೆ ತೂಗುಬಿಟ್ಟ ದೊಡ್ಡ ಕಲ್ಲು, ಅದರ ಪಕ್ಕ ಬೆಳ್ಳಿಯ ಕರಣಿ ಹಿಡಿದು ಬಾಗಿದ ದೊರೆ, ಸುತ್ತ ಟೋಪಿಯ ಗಣ್ಯರು. ಅಪ್ಪ ಅದನ್ನು ದಿಟ್ಟಿಸಿ ನೋಡಿ, "ಕರಣಿ ಹಿಡಿಯೂದು ಹಿಂಗಲ್ಲ. ಇವಾ ಚಮಚಾ ಹಿಡದಂಗ ಹಿಡದಾನ," ಅಂದ. ಆಮೇಲೆ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ಏನನ್ನೋ ಹುಡುಕತೊಡಗಿದ.

ಏನು ಹುಡುಕುತ್ತಿದ್ದಾನೆಂದು ನನಗೆ ಗೊತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಶಾಲೆಗೆ ಒಬ್ಬ ಮಂತ್ರಿಗಳು ಹೀಗೆಯೇ ಅಡಿಗಲ್ಲು ಇಟ್ಟರು. ಒಂದು ಚೂರು ಗಾರೆ ಮೆತ್ತಿ, ಕೈ ಒರೆಸಿಕೊಂಡು ಹೋದರು. ಅವರು ಹೋದ ಮೇಲೆ ಅಪ್ಪ ಆ ಕಲ್ಲನ್ನು ಕಿತ್ತು ಮತ್ತೆ ಸರಿಯಾಗಿ ಕೂರಿಸಿದ. ಮರುದಿನದ ಪೇಪರಿನಲ್ಲಿ ಬಂದ ಫೋಟೋದಲ್ಲಿ ಅಪ್ಪನ ಮೊಣಕೈ ಮಾತ್ರ ಇತ್ತು. ಅವ್ವ ಅದನ್ನು ಕತ್ತರಿಸಿ ದೇವರ ಜಗುಲಿಯ ಗೋಡೆಗೆ ಅಂಟಿಸಿ, ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದಳು.

"ಅಗಾ, ಇಲ್ಲೇ ಅದಾನ," ಅಂದ ಅಪ್ಪ.

ಫೋಟೋದ ಬಲ ಅಂಚಿನಲ್ಲಿ, ಒಬ್ಬ ಗಣ್ಯನ ಕೋಟಿನ ಹಿಂದಿನಿಂದ, ತೋಳು ಮಡಚಿದ ಒಂದು ಕೈ ಬಂದು ಕಲ್ಲಿನ ತಳವನ್ನು ಹಿಡಿದಿತ್ತು. ಮುಖವಿಲ್ಲ, ಮೈಯಿಲ್ಲ. ಅಜ್ಜ ಕನ್ನಡಕ ತರಿಸಿಕೊಂಡು ನೋಡಿದ. ತೆಗೆದು ಒರೆಸಿ ಮತ್ತೆ ನೋಡಿದ. ನಲವತ್ತು ವರ್ಷದಿಂದ ಈ ಫೋಟೋ ನನ್ನ ಮನೆಯಲ್ಲಿದೆ, ಈ ಕೈಯನ್ನು ಇವತ್ತು ನೋಡುತ್ತಿದ್ದೇನೆ ಅಂದ. ನಾನೂ ಎರಡು ವರ್ಷ ದಿನಾ ನೋಡಿದ್ದೆ. ಬುಡ ಕಾಣುವ ತನಕ ಬಿಡದವಳು ಎಂದು ಜಂಬ ಕೊಚ್ಚಿಕೊಂಡವಳಿಗೆ ಅದೊಂದು ಕಂಡಿರಲಿಲ್ಲ.

ಅಜ್ಜನಿಗೆ ಹುರುಪು ಬಂತು. ಹಾಲಿಗೆ ಬಂದು ಆ ಚಪ್ಪಟೆ ಪೆಟ್ಟಿಗೆ ತೆರೆದ. ನಾನು ಕೂಡ ಅದರ ಒಳಗನ್ನು ನೋಡಿದ್ದು ಅದೇ ಮೊದಲು. ನೀಲಿ ಪಟ್ಟಿಯ ಬಿಳಿ ಚರ್ಮದ ಏಪ್ರನ್ನು, ಬಿಳಿ ಕೈಗವಸು, ಮತ್ತು ಅಧ್ಯಕ್ಷನಾಗಿದ್ದಾಗ ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬೆಳ್ಳಿಯ ಪುಟ್ಟ ಮೂಲೆಮಟ್ಟ. ಅಪ್ಪ ಎದ್ದು ಹೋಗಿ ಇನ್ನೊಮ್ಮೆ ಕೈ ತೊಳೆದುಕೊಂಡು ಬಂದು ಅದನ್ನು ಎತ್ತಿಕೊಂಡ. ಅದು ಒಡವೆ, ಕೆಲಸದ್ದಲ್ಲ ಎಂದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಟೀಪಾಯಿಯ ಮೇಲಿನ ಪೇಪರು ಎಳೆದುಕೊಂಡು, ಅದರ ಅಂಚಿಗೆ ಮಟ್ಟ ಹಿಡಿದು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದ. ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಗೆರೆ ಎಳೆದ. ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿ. ಇವು ಮೇಲೆ ಹೋಗುತ್ತ ಸಣ್ಣಗೆ ಬೇರೆಯಾದವು.

"ಒಂದ ಕೂದಲೆಳಿ ತಪ್ಪೈತಿ," ಅಂದ.

ದಾಟಿಸಿದೆ. ಅಜ್ಜ ಕೂತಲ್ಲೇ ತೊಡೆ ತಟ್ಟಿದ. ಇದನ್ನು ಕೊರಳಿಗೆ ಹಾಕಿಕೊಂಡು ಮಂದಿಗೆಲ್ಲ ನೆಟ್ಟಗೆ ಬದುಕಿ ಎಂದು ಉಪದೇಶ ಮಾಡಿದೆನಲ್ಲ ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಆಮೇಲೆ ಬಾಗಿ ಅಪ್ಪನ ಭುಜ ಹಿಡಿದು ಜೋರಾಗಿ ಅಂದ:

"ಇಂಜಿನಿಯರ್!"

ಅಪ್ಪನಿಗೆ ಇಂಗ್ಲಿಷ್ ಬಾರದು, ನಿಜ. ಆದರೆ ಸೈಟಿನಲ್ಲಿ ಕಲಿತ ಹತ್ತಿಪ್ಪತ್ತು ಶಬ್ದಗಳಿದ್ದವು. ಸಿಮೆಂಟು, ಸ್ಲ್ಯಾಬು, ಲಿಂಟಲ್ಲು. ಅವುಗಳಲ್ಲೆಲ್ಲ ಅವನಿಗೆ ಚೆನ್ನಾಗಿ ಗೊತ್ತಿದ್ದ ಶಬ್ದ ಇದು. ಗೌಂಡಿಯ ಮಗಳಾಗಿ ನಾನು ಇದೊಂದನ್ನು ಮರೆತಿದ್ದೆ.

ಅಪ್ಪ ಥಟ್ಟನೆ ಸೋಫಾದಿಂದ ಅರ್ಧ ಎದ್ದು ಬಾಗಿಲ ಕಡೆ ನೋಡಿದ. ನಲವತ್ತು ವರ್ಷದ ಅಭ್ಯಾಸ. ಆ ಶಬ್ದ ಕಿವಿಗೆ ಬಿತ್ತೆಂದರೆ ಸಾಹೇಬರ ಜೀಪು ಬಂತು ಎಂದು ಅರ್ಥ, ಕೂತವರು ಏಳಬೇಕು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕೋಣೆಯಲ್ಲಿ ನಾವು ಮೂವರೇ. ಅಜ್ಜನ ಕೈ ಇನ್ನೂ ಅಪ್ಪನ ಭುಜದ ಮೇಲಿತ್ತು. ಅಪ್ಪ ಆ ಕೈ ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ.

ಅಜ್ಜನಿಗೆ ಇದಾವುದೂ ತಿಳಿಯಲಿಲ್ಲ. ಇಂಜಿನಿಯರಾದವರು ಇಂಥ ಕೈಕೆಲಸದ ಉಪಾಯ ಎಲ್ಲಿ ಕಲಿತರು ಕೇಳು ಅಂದ. ಹೇಗೋ ಕನ್ನಡಕ್ಕೆ ತಂದೆ. ಇಂಜಿನಿಯರ್ ಎನ್ನುವುದನ್ನು ನುಂಗಿ, "ಇದನ್ನ ಎಲ್ಲಿ ಕಲಿತ್ರಿ ಅಂತ ಕೇಳಾಕತ್ತಾನ," ಎಂದಷ್ಟೇ ಹೇಳಿದೆ.

ಅಪ್ಪ ನಿಧಾನವಾಗಿ ಕೂತ. ಬೆಳ್ಳಿಯ ಮಟ್ಟವನ್ನು ಪೆಟ್ಟಿಗೆಯಲ್ಲಿ ಅದರ ಜಾಗಕ್ಕೇ ಇಟ್ಟ. ಆಮೇಲೆ ತೀರ ಸಹಜವಾದ ದನಿಯಲ್ಲಿ ಅಂದ:

"ಹಿಂಗ ಹೇಳವಾ. ನಮ್ಮೂರಾಗ ಒಬ್ಬ ಗೌಂಡಿ ಇದ್ದ. ಅವ ಮಾಡೂದ ನೋಡಿ ಕಲತೆ ಅಂತ ಹೇಳು."

ನನ್ನ ಸುಳ್ಳನ್ನು ಕಾಯಲು ಅಪ್ಪ ತನ್ನನ್ನೇ ಆಚೆ ನಿಲ್ಲಿಸಿಬಿಟ್ಟಿದ್ದ. ಫೋಟೋದ ಅಂಚಿಗೆ. ನಾನು ಅದನ್ನೂ ದಾಟಿಸಿದೆ. ಇಂದಿಗೂ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ, ಆದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಅಕ್ಷರ ಬಿಡದೆ ದಾಟಿಸಿದೆ.

ಅಜ್ಜ ಏಪ್ರನ್ನಿನ ಮಡಿಕೆಯನ್ನು ಸವರುತ್ತ ಹೇಳಿದ, "ನಮ್ಮಲ್ಲಿ ರಾಜರಿದ್ದರು, ಜಡ್ಜಿಗಳಿದ್ದರು, ನನ್ನಂಥ ಟ್ರಾಮಿನವರೂ ಇದ್ದೇವೆ. ನಾನು ಇಷ್ಟು ವರ್ಷದಲ್ಲಿ ನಮ್ಮ ಲಾಡ್ಜಿನಲ್ಲಿ ಒಬ್ಬನೇ ಒಬ್ಬ ನಿಜವಾದ ಗೌಂಡಿಯನ್ನು ಕಾಣಲಿಲ್ಲ." ಆಮೇಲೆ, "ಆ ಗೌಂಡಿ ಬದುಕಿದ್ದಾನಾ, ಕೇಳು," ಅಂದ.

ಅಪ್ಪ ನನ್ನ ಬಾಯಿ ನೋಡುತ್ತ ಕೂತಿದ್ದ. ಅಜ್ಜ ಏನು ಕೇಳಿದ ಎಂದು ಹೇಳಲಿ ಎಂದು ಕಾಯುತ್ತಿದ್ದ. ನಾನು ಅಪ್ಪನಿಗೆ ಹೇಳಲಿಲ್ಲ. ಅಜ್ಜನ ಕಡೆ ತಿರುಗಿದೆ.

"ಬದುಕಿದ್ದಾನೆ," ಅಂದೆ. "ನಿಮ್ಮ ಎದುರಿಗೇ ಕೂತಿದ್ದಾನೆ. ನಾನು ಸುಳ್ಳು ಹೇಳಿದ್ದೆ. ನನ್ನ ಅಪ್ಪ ಇಂಜಿನಿಯರ್ ಅಲ್ಲ, ಯಾವತ್ತೂ ಆಗಿರಲಿಲ್ಲ."

ಅಜ್ಜ ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಕೋಲಿಗಾಗಿ ತಡಕಾಡಿದ. ಮಂಡಿಯ ನೋವಿಗೆ ಹಲ್ಲು ಕಚ್ಚಿ, ಒಮ್ಮೆ ಆಗದೆ ಎರಡನೆಯ ಸಲಕ್ಕೆ ಕುರ್ಚಿಯಿಂದ ಎದ್ದು ನಿಂತ. ಅಪ್ಪನಿಗೆ ಗಾಬರಿಯಾಗಿ ತಾನೂ ಏಳಹೋದ. ಅಜ್ಜ ಕೈಯಾಡಿಸಿ ಕೂತೇ ಇರು ಎಂದು ಸನ್ನೆ ಮಾಡಿದ. ಅಪ್ಪ ಕೂತಿದ್ದ, ಆತ ನಿಂತಿದ್ದ. ಆಮೇಲೆ ಅಜ್ಜ ಅಪ್ಪನ ಬಲಗೈಯನ್ನು ಎತ್ತಿಕೊಂಡು, ಸುಣ್ಣ ಸಿಮೆಂಟು ತಿಂದ ಬೆರಳುಗಳನ್ನು ಮಗುಚಿ ನೋಡಿದ. ಲೈಬ್ರರಿಯ ಪುಸ್ತಕದಲ್ಲಿದ್ದ ಹಸ್ತಲಾಘವ ಅದಾಗಿರಲಿಲ್ಲ.

"ಏನಂತಾನವಾ?" ಎಂದು ಅಪ್ಪ ಕೇಳಿದ. ಅಜ್ಜ ಏನೂ ಅಂದಿರಲಿಲ್ಲ. ಅದಕ್ಕೆ ಮೊದಲು ಆತ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಅಪ್ಪನಿಗೆ ಕನ್ನಡದಲ್ಲಿ ದಾಟಿಸಿದೆ.

ಮಧ್ಯಾಹ್ನ ಊಟವಾಯಿತು. ಹೊರಡುವಾಗ ಅಪ್ಪನಿಗೆ ಏಪ್ರನ್ ಕಟ್ಟಿಸಿ ಫೋಟೋ ತೆಗೆಯಬೇಕೆಂದು ಅಜ್ಜನಿಗೆ ಆಸೆಯಿತ್ತು. ಅಪ್ಪ ಬೇಡವೇ ಬೇಡ ಅಂದ. ಇಷ್ಟು ಬೆಳ್ಳಗಿನದನ್ನು ಕಟ್ಟಿಕೊಂಡು ಯಾವ ಕೆಲಸ ಮಾಡಲಾದೀತು ಎನ್ನುವುದು ಅವನ ವಾದ. ಅದನ್ನೂ ದಾಟಿಸಿದೆ.

ವಾಪಸು ಹೊರಟು ಎರಡು ತಾಸಾಗಿತ್ತು. ಎರಡೂ ಕಡೆ ಒಣಹುಲ್ಲಿನ ಬಯಲು, ಕುರಿಗಳು. ಕ್ಷಮೆ ಕೇಳಲು ನಾಲ್ಕು ಸಲ ಬಾಯಿ ತೆರೆದು ನಾಲ್ಕು ಸಲ ಮುಚ್ಚಿದೆ.

"ಇಂಜಿನಿಯರ್ ಇದ್ದಾಗ ನಾ ಹೆಂಗಿದ್ದೆ?" ಎಂದ ಅಪ್ಪ, ಕಿಟಕಿಯ ಕಡೆಯೇ ನೋಡುತ್ತ. "ಪ್ಯಾಂಟ್ ಹಾಕ್ಕೊಂತಿದ್ನ್ಯಾ?"

ನನಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಕಣ್ಣು ಮಂಜಾಗಿ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ತಪ್ಪಾತು ಅಪ್ಪಾ, ಅಂದೆ. ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕೈಗಿತ್ತ. ಅತ್ತು ಮುಗಿದ ಮೇಲೆ ಹೇಳಿದ:

"ಗ್ವಾಡಿ ಬಿತ್ತಂದ್ರ ಗೌಂಡಿ ಎಲ್ಲದಾನ ಅಂತ ಎಲ್ಲಾರೂ ಕೇಳ್ತಾರವಾ. ನಿಂತ್ರ ಯಾರೂ ಕೇಳೂದಿಲ್ಲ. ಇಷ್ಟ ವರ್ಷಾತು, ನಿಂತ ಗ್ವಾಡಿ ಮುಂದ ಗೌಂಡಿ ಎಲ್ಲದಾನ ಅಂತ ಕೇಳಿದಾವ ಅವನೊಬ್ಬನ ನೋಡು."

ಮೂಗು ಒರೆಸಿಕೊಂಡು ಕಾರು ಸ್ಟಾರ್ಟ್ ಮಾಡಿದೆ.

"ಕೇಳಿದ್ದು ಅವ," ಅಂದ ಅಪ್ಪ. "ಹೇಳಿದಾಕಿ ನೀ."